ಚಪ್ಪರ ಕಟ್ಟಿದ ಚಿತ್ರಗಾರ



ಡ್ರಾಯಿಂಗ್ ಮೇಷ್ಟ್ರೊಬ್ಬರ ನೆನಪಿಗಾಗಿ ಇಟ್ಟ ದತ್ತಿಯ ಉಪನ್ಯಾಸ ಇದು. ಹಿಂದೆ ಊರಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಏನೇನು ಮಾಡುತ್ತಿದ್ದರು ಎಂಬುದು ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು. ವಾರಕ್ಕೆರಡು ಪೀರಿಯಡ್ಡು ಹೂಜಿ, ಬಾಳೆಹಣ್ಣು ಬರೆಸಿದರೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ವಾರ್ಷಿಕೋತ್ಸವದ ಸ್ಟೇಜು, ನಾಟಕದ ಪರದೆ, ಗಣಪತಿಯ ಮಂಟಪ, ಆಗಸ್ಟ್ 15ರ ಕಮಾನು, ಹೆಡ್‌ಮಾಸ್ತರರ ಬೀಳ್ಕೊಡುಗೆಯ ಮಾನಪತ್ರ, ಪಕ್ಕದ ಬೀದಿಯ ಅಂಗಡಿಯ ಬೋರ್ಡು ಎಲ್ಲವೂ ಅವರ ತಲೆಗೇ ಬರುತ್ತಿತ್ತು. ಈಗ ಇದೇ ಕೆಲಸಗಳನ್ನು ಮಾಡುವವರ ವಿಸಿಟಿಂಗ್ ಕಾರ್ಡಿನಲ್ಲಿ ‘ಬಹುಶಿಸ್ತೀಯ ವಿನ್ಯಾಸಕಾರ’ ಎಂದಿರುತ್ತದೆ. ಕಾರ್ಡಿನ ಬಗ್ಗೆ ನನ್ನ ತಕರಾರಿಲ್ಲ. ಕೆಲಸ ಹಳೆಯದು ಎಂಬುದಷ್ಟೇ ನನ್ನ ಮಾತು.

ಇವತ್ತು ನಾನು ಮಾತನಾಡಬೇಕೆಂದುಕೊಂಡಿರುವುದು ಅಂಥದೇ ಒಬ್ಬ ಮೇಷ್ಟ್ರ ಬಗ್ಗೆ. ಶಾಂತಿನಿಕೇತನದಲ್ಲಿ ಎಲ್ಲರೂ ಅವರನ್ನು ‘ಮಾಸ್ಟರ್‌ಮಶಾಯ್’ ಎಂದೇ ಕರೆಯುತ್ತಿದ್ದರು. ನಂದಲಾಲ್ ಬೋಸ್. ಕಲೆಯ ಚರಿತ್ರೆಯ ಪಠ್ಯದಲ್ಲಿ ಅವರಿಗೆ ‘ಬಂಗಾಳ ಪಂಥದ ಚಿತ್ರಕಾರ’ ಎಂಬ ಒಂದು ಚೀಟಿ ಅಂಟಿಸಿ ಮುಂದಕ್ಕೆ ಹೋಗುವುದು ವಾಡಿಕೆ. ಅವರು ಮಾಡಿದ್ದನ್ನು ಪಟ್ಟಿ ಮಾಡಿದರೆ ಆ ಚೀಟಿ ಸಾಲುವುದಿಲ್ಲ. ಗೋಡೆಚಿತ್ರ, ಮಕ್ಕಳ ಪಠ್ಯಪುಸ್ತಕ, ರವೀಂದ್ರನಾಥ ಠಾಕೂರರ ನಾಟಕಗಳ ರಂಗಸಜ್ಜಿಕೆ ಮತ್ತು ವೇಷಭೂಷಣ, ನೆಲದ ಮೇಲಿನ ರಂಗೋಲಿ, ಲೈನೋ ಅಚ್ಚು, ಕಾಂಗ್ರೆಸ್ ಅಧಿವೇಶನದ ಮಹಾದ್ವಾರ, ಅಧ್ಯಕ್ಷರ ಮೆರವಣಿಗೆಯ ರಥ, ಕೊನೆಗೆ ಭಾರತದ ಸಂವಿಧಾನದ ಪುಟಗಳು. ನಮ್ಮ ದೇಶದಲ್ಲಿ ಡಿಸೈನ್ ಎಂಬುದೊಂದು ವೃತ್ತಿ, ಅದಕ್ಕೊಂದು ಕಾಲೇಜು ಎಂಬ ಕಲ್ಪನೆ ಹುಟ್ಟುವ ಮೊದಲೇ ನಡೆದ ಕೆಲಸಗಳಿವು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾದದ್ದು 1961ರಲ್ಲಿ. ಆ ಹೊತ್ತಿಗೆ ನಂದಲಾಲರು ಶಾಂತಿನಿಕೇತನದ ಕಲಾಭವನದಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು.

ಕನ್ನಡಿಗರಾದ ನಮಗೆ ನಂದಲಾಲರನ್ನು ಅರ್ಥಮಾಡಿಕೊಳ್ಳಲು ಒಂದು ಒಳದಾರಿ ಇದೆ. ಅದು ನಮ್ಮ ಕೆ. ವೆಂಕಟಪ್ಪನವರು. ಇಬ್ಬರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತವರು. ಶ್ರೀಮತಿ ಹೆರಿಂಗ್‌ಹ್ಯಾಂ ಅವರ ಅಜಂತಾ ಗುಹೆಗಳ ನಕಲು ಕೆಲಸದಲ್ಲಿ ಇಬ್ಬರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರಲ್ಲಿ ಇಬ್ಬರ ಚಿತ್ರಗಳೂ ಇದ್ದವು. ಗುರು ಒಬ್ಬರೇ, ಅಭ್ಯಾಸ ಒಂದೇ. ಆಮೇಲೆ ದಾರಿ ಬೇರೆಯಾಯಿತು. ವೆಂಕಟಪ್ಪನವರು ಮೈಸೂರು ಸೀಮೆಗೆ ಹಿಂದಿರುಗಿ, ವೀಣೆ ಮತ್ತು ಕುಂಚದ ನಡುವೆ ಏಕಾಂಗಿಯಾಗಿ ಬದುಕಿದರು. ಒಂದೊಂದು ಊಟಿಯ ಚಿತ್ರಕ್ಕೂ ಅವರು ಕೊಟ್ಟ ತಾಳ್ಮೆಯನ್ನು ಕಬ್ಬನ್ ಪಾರ್ಕಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಹತ್ತಿರ ನಿಂತು ನೋಡಿದವರಿಗೆ ವಿವರಿಸಬೇಕಾಗಿಲ್ಲ. ನಂದಲಾಲರು ಜನರ ನಡುವೆ ಹೋದರು. ಯಾವುದು ದೊಡ್ಡದು ಎಂಬ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ, ಅದು ಪೊಳ್ಳು ಪ್ರಶ್ನೆ. ಆದರೆ ಒಂದೇ ಗರಡಿಯ ಇಬ್ಬರಲ್ಲಿ ಒಬ್ಬರು ಚಿತ್ರವನ್ನು ಚೌಕಟ್ಟಿನೊಳಗೆ ಪರಿಪೂರ್ಣಗೊಳಿಸಲು ಹೊರಟರೆ, ಇನ್ನೊಬ್ಬರು ಚೌಕಟ್ಟನ್ನೇ ಬಿಟ್ಟು ಬಯಲಿಗೆ ಬಂದದ್ದು ಯಾಕೆ, ಹೇಗೆ ಎಂಬುದು ಇವತ್ತಿನ ವಿಷಯ.

ನಂದಲಾಲರು ಹುಟ್ಟಿದ್ದು 1882ರಲ್ಲಿ, ಬಿಹಾರದ ಮುಂಗೇರ್ ಜಿಲ್ಲೆಯ ಹವೇಲಿ ಖರಗಪುರದಲ್ಲಿ. ರವೀಂದ್ರರು 1919ರಲ್ಲಿ ಆರಂಭಿಸಿದ ಕಲಾಭವನಕ್ಕೆ ಬಂದು ಸೇರಿದ ಅವರು 1922ರಿಂದ 1951ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಸುತ್ತ ಸಂತಾಲರ ಹಳ್ಳಿಗಳು, ಕೆಂಪು ಮುರಕಲ್ಲಿನ ನೆಲ, ತಾಳೆಮರ. ವಿದ್ಯಾರ್ಥಿಗಳನ್ನು ಕೋಣೆಯೊಳಗೆ ಕೂರಿಸಿ ಪ್ಲಾಸ್ಟರಿನ ಗ್ರೀಕ್ ತಲೆ ಬರೆಸುವ ಕಲ್ಕತ್ತೆಯ ಪದ್ಧತಿ ಅಲ್ಲಿ ನಡೆಯಲಿಲ್ಲ. ಸತ್ಯಜಿತ್ ರಾಯ್ ಅಲ್ಲಿ ಎರಡೂವರೆ ವರ್ಷ ಓದಿದವರು. ಮರವನ್ನು ಬುಡದಿಂದ ಮೇಲಕ್ಕೆ ಬರೆಯಬೇಕು, ಮರ ಬೆಳೆಯುವುದೂ ಹಾಗೇ ತಾನೇ ಎಂದು ಮಾಸ್ಟರ್‌ಮಶಾಯ್ ಹೇಳಿಕೊಟ್ಟದ್ದನ್ನು ಅವರು ಬಹುಕಾಲದ ನಂತರವೂ ನೆನೆಯುತ್ತಿದ್ದರು. ಜೇಬಿನಲ್ಲಿ ಪೋಸ್ಟ್‌ಕಾರ್ಡ್ ಇಟ್ಟುಕೊಂಡು ಹೋದಲ್ಲೆಲ್ಲ ಗೀಚುವುದು, ಗೀಚಿದ್ದನ್ನು ಶಿಷ್ಯರಿಗೋ ಸ್ನೇಹಿತರಿಗೋ ಅಂಚೆಯಲ್ಲಿ ಕಳಿಸಿಬಿಡುವುದು ಅವರ ಅಭ್ಯಾಸ.

ಕಲಾಭವನದಲ್ಲಿ ಅವರು ಮಾಡಿದ ಒಂದು ಕೆಲಸದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಪೂರ್ವ ಬಂಗಾಳದ ಸುಕುಮಾರೀ ದೇವಿ ಎಂಬ ವಿಧವೆ ಶಾಂತಿನಿಕೇತನಕ್ಕೆ ಬಂದು ನೆಲೆಸಿದ್ದರು. ಹಳ್ಳಿಯ ಹೆಂಗಸರು ವ್ರತದ ದಿನ ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ ನೆಲದ ಮೇಲೆ ಬರೆಯುವ ಆಲ್ಪನಾ ಅವರಿಗೆ ಕೈವಶವಾಗಿತ್ತು. ಡಿಗ್ರಿ ಇಲ್ಲ, ಡಿಪ್ಲೊಮಾ ಇಲ್ಲ. ಅವರು ಕಲಾಭವನದಲ್ಲಿ ಶಿಕ್ಷಕಿಯಾದರು. ನಂದಲಾಲರು ಆ ಬಳ್ಳಿ, ಕಮಲ, ಸುರುಳಿಗಳನ್ನು ಬಿಡಿಸಿ ನೋಡಿ, ವ್ರತದ ಅಂಗಳದಿಂದ ಎತ್ತಿ ಸಭೆಯ ಅಂಗಳಕ್ಕೆ ತಂದರು. ವಸಂತೋತ್ಸವ, ವೃಕ್ಷಾರೋಪಣ, ಘಟಿಕೋತ್ಸವ, ಎಲ್ಲಕ್ಕೂ ನೆಲದ ಮೇಲೆ ಆಲ್ಪನಾ ಬಂತು. ನಂದಲಾಲರ ಮಕ್ಕಳಾದ ಗೌರಿ ಮತ್ತು ಜಮುನಾ ಅದನ್ನು ಮುಂದಿನ ತಲೆಮಾರಿಗೆ ಕಲಿಸಿದರು. ಇವತ್ತು ಬಂಗಾಳದ ಯಾವ ಸಾಂಸ್ಕೃತಿಕ ಸಭೆಗೆ ಹೋದರೂ ವೇದಿಕೆಯ ಮುಂದೆ ಕಾಣುವ ಬಿಳಿ ಆಲ್ಪನಾದ ಹಿಂದೆ ಆ ಹೆಣ್ಣುಮಗಳ ಕೈ ಇದೆ.

ನಮ್ಮಲ್ಲಿ ಇದಕ್ಕೆ ಸಮನಾದದ್ದು ಇಲ್ಲವೇ? ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವಿದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯನ್ನು ನೆನೆಸಿ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಇಷ್ಟರಲ್ಲೇ ಮದುವೆಮನೆಯ ಗೋಡೆ ತುಂಬುತ್ತದೆ. ಚಿತ್ತಾರಕ್ಕೆ ಪ್ರಶಸ್ತಿ ಬಂದಿದೆ, ಫ್ರೇಮು ಬಂದಿದೆ, ಕುಶಲವಸ್ತು ಮಳಿಗೆಯಲ್ಲಿ ಬೆಲೆಪಟ್ಟಿಯೂ ಬಂದಿದೆ. ಚಿತ್ತಾರಗಿತ್ತಿಯೊಬ್ಬಳನ್ನು ನಮ್ಮ ಕಲಾಕಾಲೇಜು ಒಂದು ದಿನದ ಪ್ರಾತ್ಯಕ್ಷಿಕೆಗೆ ಕರೆಸಿ ಶಾಲು ಹೊದಿಸುವುದಕ್ಕೂ, ಸಂಬಳ ಕೊಟ್ಟು ಕುರ್ಚಿ ಕೊಟ್ಟು ಪಾಠ ಹೇಳಿಸುವುದಕ್ಕೂ ಇರುವ ಅಂತರ ಎಷ್ಟೆಂದು ನಾವೇ ಲೆಕ್ಕ ಹಾಕಿಕೊಳ್ಳಬಹುದು. ಶಾಂತಿನಿಕೇತನ ಎರಡನೆಯದನ್ನು ನೂರು ವರ್ಷದ ಹಿಂದೆಯೇ ಮಾಡಿತ್ತು.

ಇನ್ನು 1930ಕ್ಕೆ ಬರೋಣ. ಅದು ನಂದಲಾಲರ ಬದುಕಿನಲ್ಲಿ ತುಂಬಿದ ವರ್ಷ. ರವೀಂದ್ರರ ಗ್ರಾಮೋದ್ಧಾರ ಕೇಂದ್ರವಾದ ಶ್ರೀನಿಕೇತನದ ಹೊರಗೋಡೆಯ ಮೇಲೆ ‘ಹಲಕರ್ಷಣ’ ಎಂಬ ಭಿತ್ತಿಚಿತ್ರ ಬರೆದರು. ರವೀಂದ್ರರು ಆರಂಭಿಸಿದ ನೇಗಿಲು ಹೂಡುವ ಹಬ್ಬದ ಚಿತ್ರ ಅದು. ಅದನ್ನು ಗೋಡೆಯ ಒಳಮೈಗೆ ಬರೆಯದೆ ಹೊರಮೈಗೆ ಬರೆದರು, ದಾರಿಯಲ್ಲಿ ಹೋಗುವ ರೈತನಿಗೂ ಕಾಣಲಿ ಎಂದು. ಅದೇ ವರ್ಷ ರವೀಂದ್ರರ ‘ಸಹಜ ಪಾಠ’ ಬಂತು. ಬಂಗಾಳಿ ಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕ. ಅದರ ಚಿತ್ರಗಳೆಲ್ಲ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಒತ್ತಿದ ಲೈನೋ ಅಚ್ಚುಗಳು, ಬರೀ ಕಪ್ಪು ಬಿಳುಪು. ನುಣುಪು ಕಾಗದ ಬೇಕಿಲ್ಲ, ಬಣ್ಣದ ಬ್ಲಾಕಿನ ಖರ್ಚಿಲ್ಲ, ಅಗ್ಗದ ಮುದ್ರಣದಲ್ಲೂ ಗೆರೆ ಒಡೆಯುವುದಿಲ್ಲ. ಆ ಪುಸ್ತಕ ದಶಕಗಳ ಕಾಲ ಬಂಗಾಳದ ಪ್ರಾಥಮಿಕ ಶಾಲೆಗಳಲ್ಲಿ ಓಡಾಡಿತು. ಕಲಾ ಗ್ಯಾಲರಿಯ ಬಾಗಿಲನ್ನು ಎಂದೂ ತುಳಿಯದ ಲಕ್ಷಾಂತರ ಮಕ್ಕಳು ನೋಡಿದ ಮೊದಲ ಚಿತ್ರ ನಂದಲಾಲರದು.

ದಂಡಿಯ ಉಪ್ಪಿನ ಸತ್ಯಾಗ್ರಹ ನಡೆದದ್ದೂ ಆ ವರ್ಷವೇ. ಕಪ್ಪು ನೆಲದ ಮೇಲೆ ಬಿಳಿ ಗೆರೆಯಲ್ಲಿ ಕೋಲೂರಿ ನಡೆಯುವ ಗಾಂಧಿ: ನೀವೆಲ್ಲ ನೋಡಿರುವ ಚಿತ್ರ ಅದು. ಕ್ಯಾಲೆಂಡರಿನಲ್ಲೋ, ಖಾದಿ ಭಂಡಾರದ ಗೋಡೆಯ ಮೇಲೋ, ಯಾವುದೋ ಸ್ಮರಣ ಸಂಚಿಕೆಯ ರಕ್ಷಾಪುಟದಲ್ಲೋ ನೋಡಿರುತ್ತೀರಿ, ಬರೆದವರು ಯಾರೆಂದು ಗೊತ್ತಿರಲಿಕ್ಕಿಲ್ಲ. ಹತ್ತಿರದಿಂದ ನೋಡಿದರೆ ಅದರಲ್ಲಿರುವ ಗೆರೆಗಳು ತೀರ ಕಡಿಮೆ. ಹಣೆಯ ಬಾಗು, ಮುಂದೊತ್ತಿದ ಮೊಣಕಾಲು, ಉದ್ದನೆಯ ಕೋಲು, ಪಂಚೆಯ ನಾಲ್ಕಾರು ಮಡಿಕೆ. ಹಿನ್ನೆಲೆಯಲ್ಲಿ ಸಮುದ್ರವೂ ಇಲ್ಲ, ಜನಸಾಗರವೂ ಇಲ್ಲ. ತೈಲವರ್ಣದಲ್ಲಿ ಬರೆದಿದ್ದರೆ ಅದು ಒಬ್ಬ ಶ್ರೀಮಂತನ ಮನೆ ಸೇರುತ್ತಿತ್ತು. ಲೈನೋದಲ್ಲಿ ಕೆತ್ತಿದ್ದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಾಯಿತು. ಮಾಧ್ಯಮವನ್ನು ಆರಿಸಿಕೊಂಡಾಗಲೇ ಚಿತ್ರ ಯಾರ ಕೈಗೆ ಹೋಗಬೇಕೆಂಬುದೂ ತೀರ್ಮಾನವಾಗಿತ್ತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕಾಂಗ್ರೆಸ್ ಅಧಿವೇಶನವೆಂದರೆ ಆ ಕಾಲಕ್ಕೆ ಒಂದು ತಾತ್ಕಾಲಿಕ ನಗರವನ್ನೇ ಕಟ್ಟುವ ಕೆಲಸ. ನಮ್ಮ ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ನಡೆದ ಅಧಿವೇಶನವನ್ನು ನೆನೆಸಿಕೊಳ್ಳಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಉತ್ಸಾಹಕ್ಕೆ ಎಣೆಯಿರಲಿಲ್ಲ. ಅಧಿವೇಶನದ ಜಾಗಕ್ಕೆ ವಿಜಯನಗರ ಎಂದು ಹೆಸರಿಟ್ಟರು, ಹಂಪಿಯ ಗೋಪುರದ ಮಾದರಿಯಲ್ಲಿ ಮಹಾದ್ವಾರ ಎತ್ತಿದರು, ನೀರಿಗೆಂದು ತೋಡಿಸಿದ ಬಾವಿಯನ್ನು ಪಂಪಾ ಸರೋವರ ಎಂದು ಕರೆದರು. ಆ ಬಾವಿ ಕಾಂಗ್ರೆಸ್ ಬಾವಿ ಎಂಬ ಹೆಸರಿನಲ್ಲಿ ಈಗಲೂ ಟಿಳಕವಾಡಿಯಲ್ಲಿದೆ. ಗಾಂಧೀಜಿಗೆ ಎಲ್ಲವೂ ಹಿಡಿಸಿತು, ಖರ್ಚೊಂದನ್ನು ಬಿಟ್ಟು. ತಮಗಾಗಿ ಕಟ್ಟಿಸಿದ್ದ ಗುಡಿಸಲು ಅರಮನೆಯಂತಾಯಿತೆಂದು ಅವರು ಆಕ್ಷೇಪಿಸಿದರು. ಬೆಳಗಾವಿಯವರ ಪ್ರೀತಿಯನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಗತವೈಭವವನ್ನು ಬಟ್ಟೆ ಮತ್ತು ಬಿದಿರಿನಲ್ಲಿ ನಕಲು ಮಾಡುವ ಆ ದಾರಿ ಬೇರೆ, ಹನ್ನೆರಡು ವರ್ಷದ ನಂತರ ನಂದಲಾಲರು ಹಿಡಿದ ದಾರಿ ಬೇರೆ.

1936ರ ಲಖನೌ ಅಧಿವೇಶನದ ಕಲಾ ಪ್ರದರ್ಶನವನ್ನು ಅಣಿಗೊಳಿಸಲು ಗಾಂಧೀಜಿ ನಂದಲಾಲರನ್ನು ಕರೆದಿದ್ದರು. ಅದಾದ ಮೇಲೆ ಅದೇ ವರ್ಷದ ಕೊನೆಗೆ ಖಾನದೇಶದ ಫೈಜಪುರದಲ್ಲಿ ಅಧಿವೇಶನ. ಹಳ್ಳಿಯೊಂದರಲ್ಲಿ ಕಾಂಗ್ರೆಸ್ ಸೇರಿದ್ದು ಅದೇ ಮೊದಲು. ಇಡೀ ಬಿಡಾರದ ವಿನ್ಯಾಸವನ್ನು ನೀವೇ ನೋಡಿಕೊಳ್ಳಿ ಎಂದು ಗಾಂಧೀಜಿ ಹೇಳಿದಾಗ ನಂದಲಾಲರು ಹಿಂಜರಿದರು. ನಾನು ಚಿತ್ರಗಾರ, ಕಟ್ಟಡದ ವಿದ್ಯೆ ನನಗೇನು ಗೊತ್ತು ಎಂಬುದು ಅವರ ಅಳುಕು. ತಮಗೆ ಬೇಕಾಗಿರುವುದು ಪಿಯಾನೋ ಪಂಡಿತರಲ್ಲ, ಮನಸ್ಸಿಟ್ಟು ನುಡಿಸುವ ಪಿಟೀಲಿನವರು ಸಾಕು ಎಂಬರ್ಥದ ಉತ್ತರ ಗಾಂಧೀಜಿಯಿಂದ ಬಂತು. ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

ಷರತ್ತುಗಳು ಸರಳ. ಸುತ್ತಮುತ್ತ ಸಿಗುವ ಸಾಮಾನು, ಸುತ್ತಮುತ್ತಲಿನ ಕೆಲಸಗಾರರು, ಕಡಿಮೆ ಖರ್ಚು. ಬಿದಿರು, ಹುಲ್ಲು, ಕಾಡುಮರ, ಹಗ್ಗ. ವಾಸ್ತುಶಿಲ್ಪಿ ಮ್ಹಾತ್ರೆಯವರ ಜೊತೆಗೂಡಿ ನಂದಲಾಲರು ಟಿಳಕನಗರವನ್ನು ಎಬ್ಬಿಸಿದರು. ಅಧ್ಯಕ್ಷ ನೆಹರೂ ಅವರನ್ನು ಮೋಟಾರಿನಲ್ಲಿ ಮೆರೆಸದೆ, ಆರು ಜೊತೆ ಎತ್ತು ಕಟ್ಟಿದ ರಥದಲ್ಲಿ ಕರೆತಂದರು. ರಥವೆಂದರೆ ಹಳ್ಳಿಯ ಗಾಡಿಯೇ, ಶೃಂಗಾರ ನಂದಲಾಲರದು. ಪ್ರದರ್ಶನವನ್ನು ತೆರೆಯುವಾಗ ಗಾಂಧೀಜಿ ಅಲ್ಲಿನ ಅಂದದ ಶ್ರೇಯಸ್ಸನ್ನು ಈ ಇಬ್ಬರಿಗೂ ಹಳ್ಳಿಯ ಕೆಲಸಗಾರರಿಗೂ ಸಲ್ಲಿಸಿದರು. ಬಡಗಿ, ಮೇದರ, ಚಪ್ಪರ ಕಟ್ಟುವವರ ಕೆಲಸವನ್ನು ರಾಷ್ಟ್ರಮಟ್ಟದ ರಾಜಕೀಯ ಸಭೆಯೊಂದರಲ್ಲಿ ಕಲೆಯೆಂದು ಮೆಚ್ಚಿ ಮಾತನಾಡಿದ ಅಪರೂಪದ ಸಂದರ್ಭ ಅದು.

ಹರಿಪುರದ ಅಧಿವೇಶನ ಅದಕ್ಕಿಂತ ದೊಡ್ಡದು. 1938ರ ಫೆಬ್ರವರಿ, ಗುಜರಾತಿನ ಸೂರತ್ ಸೀಮೆಯ ತಾಪಿ ನದಿಯ ದಂಡೆ, ಅಧ್ಯಕ್ಷರು ಸುಭಾಷ್‌ಚಂದ್ರ ಬೋಸ್. ಬಿಡಾರದ ಹೆಸರು ವಿಠ್ಠಲನಗರ. 51ನೆಯ ಅಧಿವೇಶನವಾದ್ದರಿಂದ ಅಧ್ಯಕ್ಷರ ರಥಕ್ಕೆ 51 ಎತ್ತುಗಳು. ಗುಜರಾತಿನ ಕಲಾವಿದರಾದ ರವಿಶಂಕರ ರಾವಳ್, ನಂದಲಾಲರ ಶಿಷ್ಯರೇ ಆಗಿದ್ದ ಕನು ದೇಸಾಯಿ ಮುಂತಾದವರೂ ಕೈಜೋಡಿಸಿದರು. ಅಲ್ಲಿನ ದ್ವಾರಗಳಿಗೆ, ತಟ್ಟಿಗೋಡೆಗಳಿಗೆ ತೂಗುಹಾಕಲು ನಂದಲಾಲರು ಮತ್ತು ಅವರ ಬಳಗ ಸುಮಾರು 400 ಚಿತ್ರಫಲಕಗಳನ್ನು ಬರೆದರು. ಇವೇ ಹರಿಪುರ ಫಲಕಗಳು.

ಒಂದು ಫಲಕವನ್ನು ಕೈಗೆತ್ತಿಕೊಂಡು ನೋಡೋಣ. ಸುಮಾರು ಎರಡಡಿ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ. ಒರಟು ಕಾಗದವನ್ನು ರಟ್ಟಿಗೆ ಅಂಟಿಸಿದ್ದಾರೆ. ಬಣ್ಣಗಳೆಲ್ಲ ಮಣ್ಣಿನವು: ಕೆಮ್ಮಣ್ಣು, ಹಳದಿ ಮಣ್ಣು, ಸೀಮೆಸುಣ್ಣದ ಬಿಳಿ, ದೀಪದ ಮಸಿ, ಒಂದಿಷ್ಟು ಹಸಿರು. ಚಿತ್ರದ ಮೇಲ್ಭಾಗದಲ್ಲಿ ಕಮಾನಿನ ಆಕಾರ. ಅದರೊಳಗೆ ಡೋಲು ಬಾರಿಸುವವನೊಬ್ಬ. ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿದೆ, ಡೋಲಿನ ಭಾರವೆಲ್ಲ ಹೊಟ್ಟೆಯ ಮೇಲೆ. ಗೆರೆ ದಪ್ಪ, ಒಂದೇ ಉಸಿರಿನಲ್ಲಿ ಎಳೆದದ್ದು, ಎಲ್ಲೂ ತಿದ್ದಿಲ್ಲ. ನೆರಳು ಬೆಳಕಿನ ಆಟವಿಲ್ಲ, ದೂರ ಹತ್ತಿರದ ಲೆಕ್ಕವಿಲ್ಲ. ಕಾಲೀಘಾಟ್ ಪಟದವರ, ಒಡಿಶಾದ ಪಟಚಿತ್ರದವರ ಕೈಚಳಕ ಇದರಲ್ಲಿದೆ, ಅಜಂತಾ ಕಲಿಸಿದ ಗೆರೆಯ ಹಿಡಿತವೂ ಇದೆ. ಆದರೆ ಆ ವೇಗ ಬಂದದ್ದು ಎಲ್ಲಿಂದ? ಅದು ಸಂಖ್ಯೆಯಿಂದ ಬಂತು. ನಾನೂರು ಫಲಕ ಬರೆಯಬೇಕಾದಾಗ ಯಾರೂ ಕೂದಲೆಳೆಯನ್ನು ಎಣಿಸಿ ಬರೆಯುತ್ತ ಕೂರುವುದಿಲ್ಲ. ನಂದಲಾಲರು ಮೂಲಗಳನ್ನು ಬರೆದರು, ವಿದ್ಯಾರ್ಥಿಗಳು ಮತ್ತು ಸಹೋದ್ಯೋಗಿಗಳು ಅವನ್ನು ನೋಡಿ ಪ್ರತಿ ತೆಗೆದರು. ಇನ್ನೊಬ್ಬರ ಕೈಗೂ ಒಗ್ಗುವಂಥ ಗೆರೆಯನ್ನು ಅವರು ಬೇಕೆಂದೇ ಕಂಡುಕೊಂಡಿದ್ದರು.

ಫಲಕಗಳಲ್ಲಿ ಯಾರಿದ್ದಾರೆ? ದರ್ಜಿ, ಹತ್ತಿ ಹಿಂಜುವವನು, ಭತ್ತ ಕುಟ್ಟುವ ಹೆಂಗಸರು, ಜಟ್ಟಿಗಳು, ಬೇಟೆಗಾರ, ಎತ್ತು ಹಿಡಿದವನು, ಹಾಲೂಡಿಸುವ ತಾಯಿ, ವೀಣೆ ನುಡಿಸುವವಳು. ಯಾರಿಲ್ಲ? ಕಾಂಗ್ರೆಸ್ಸಿನ ನಾಯಕರಿಲ್ಲ. ಕಾಂಗ್ರೆಸ್ಸಿನದೇ ಅಧಿವೇಶನಕ್ಕೆ ಬರೆದ ಚಿತ್ರಗಳಲ್ಲಿ ಭಾರತಮಾತೆಯ ಘೋಷಣೆಯಿಲ್ಲ, ಹುತಾತ್ಮರ ಸಾಲಿಲ್ಲ. ನಮ್ಮ ಈಗಿನ ಯಾವ ರಾಜಕೀಯ ಸಮಾವೇಶದಲ್ಲಾದರೂ ನಾಯಕರ ಮುಖವಿಲ್ಲದ ಒಂದು ಕಮಾನನ್ನು ನೀವು ತೋರಿಸಿದರೆ ನಾನು ಈ ಉಪನ್ಯಾಸದ ಗೌರವಧನವನ್ನು ನಿಮಗೆ ಕೊಟ್ಟುಬಿಡುತ್ತೇನೆ. ತೋಟದಿಂದ, ಹೊಲದಿಂದ ಬಂದ ಆ ಸೀಮೆಯ ಜನ ದ್ವಾರದ ಕೆಳಗೆ ಹಾದುಹೋಗುವಾಗ ತಲೆಯೆತ್ತಿ ನೋಡಿದರೆ ತಮ್ಮದೇ ಕಸುಬು, ತಮ್ಮದೇ ಭಂಗಿ ಕಾಣುತ್ತಿತ್ತು. ಟಿಕೆಟ್ಟಿಲ್ಲ, ಕ್ಯಾಟಲಾಗಿಲ್ಲ. ಬಿಸಿಲು, ಗಾಳಿ, ಧೂಳಿಗೆ ಒಡ್ಡಿ ಕೆಲವೇ ದಿನದ ಬಾಳಿಕೆಗೆಂದು ಬರೆದ ಚಿತ್ರಗಳು ಅವು.

ಮುಂದೆ ನಡೆದದ್ದು ತಮಾಷೆಯಾಗಿದೆ. ಅವುಗಳಲ್ಲಿ ಉಳಿದ ಎಷ್ಟೋ ಫಲಕಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಸೇರಿದವು. 1976ರಲ್ಲಿ ನಂದಲಾಲರ ಕೃತಿಗಳನ್ನು ಸರ್ಕಾರ ಕಲಾನಿಧಿಯೆಂದು ಘೋಷಿಸಿತು, ದೇಶದ ಹೊರಗೆ ಮಾರುವಂತಿಲ್ಲ. ಗಾಂಧೀಜಿಯ 150ನೆಯ ವರ್ಷದ ನೆಪದಲ್ಲಿ 2019ರ ವೆನಿಸ್ ಬಿಯೆನಾಲೆಯ ಭಾರತದ ಮಂಟಪದಲ್ಲಿ ಹರಿಪುರ ಫಲಕಗಳನ್ನು ಪ್ರದರ್ಶಿಸಿದರು. ಬಿದಿರಿನ ತಟ್ಟಿಗೆ ಕಟ್ಟಲು ಬರೆದದ್ದಕ್ಕೆ ಈಗ ಹವಾನಿಯಂತ್ರಣ ಬೇಕು. ಕಲಾಕೃತಿಗಳು ಉಳಿದದ್ದು ನಮ್ಮ ಪುಣ್ಯ, ನಾನು ಬೇಡವೆನ್ನುವುದಿಲ್ಲ. ಉಳಿದವುಗಳ ಜೊತೆ ಆ ಕೆಲಸದ ವಿಧಾನವೂ ಉಳಿಯಿತೇ ಎಂಬುದು ಪ್ರಶ್ನೆ.

ಸಂವಿಧಾನದ ಪುಟಗಳ ಬಗ್ಗೆ ಎಲ್ಲರೂ ಮಾತನಾಡುತ್ತಿರುವುದರಿಂದ ನಾನು ಬೇಗ ಮುಗಿಸುತ್ತೇನೆ. ಇಂಗ್ಲಿಷ್ ಪಾಠವನ್ನು ಕೈಯಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. 22 ಭಾಗಗಳಿಗೂ ಚಿತ್ರ, ಅಂಚು ಒದಗಿಸಿದ್ದು ನಂದಲಾಲರ ಬಳಗ. ಪ್ರಸ್ತಾವನೆಯ ಪುಟದ ಅಂಚು ಜಬಲ್‌ಪುರದ ಬ್ಯೋಹಾರ್ ರಾಮ್‌ಮನೋಹರ್ ಸಿನ್ಹಾ ಅವರದು. ಹದಿನಾರನೆಯ ಭಾಗದ ತಲೆಯ ಮೇಲೆ ಝಾನ್ಸಿಯ ಲಕ್ಷ್ಮೀಬಾಯಿಯ ಜೊತೆಗೆ ನಮ್ಮ ಟಿಪ್ಪು ಸುಲ್ತಾನ್ ಇದ್ದಾನೆ. ನನ್ನ ಕುತೂಹಲವಿರುವುದು ಆ ಬಳಗದ ಮೇಲೆ. ಅದರಲ್ಲಿ ಒಬ್ಬರಾಗಿದ್ದ ಕೃಪಾಲ್ ಸಿಂಗ್ ಶೇಖಾವತ್ ಮುಂದೆ ಜೈಪುರಕ್ಕೆ ಹೋಗಿ, ಅಳಿವಿನಂಚಿಗೆ ಬಂದಿದ್ದ ನೀಲಿ ಕುಂಬಾರಿಕೆಗೆ ಜೀವ ಕೊಟ್ಟರು. ಶಾಂತಿನಿಕೇತನದ ಇನ್ನೊಬ್ಬ ಶಿಷ್ಯ ಕೆ.ಜಿ. ಸುಬ್ರಮಣ್ಯನ್ ಕೈಮಗ್ಗ ಮಂಡಳಿಯಲ್ಲಿ ದುಡಿದರು, ಬರೋಡದ ಕಲಾಶಾಲೆಯಲ್ಲಿ ಮೇಷ್ಟ್ರು ವಿದ್ಯಾರ್ಥಿಗಳೆಲ್ಲ ಸೇರಿ ಆಟಿಕೆ ಮಾಡಿ ಮಾರುವ ಜಾತ್ರೆಗಳನ್ನು ನಡೆಸಿದರು. ನಮ್ಮ ಎಷ್ಟೋ ಕನ್ನಡ ಕಲಾವಿದರು ಬರೋಡದಲ್ಲಿ ಓದಿ ಬಂದವರು, ಅವರಿಗೆ ಆ ಜಾತ್ರೆಯ ನೆನಪಿರುತ್ತದೆ. ಕಲಾಭವನದಲ್ಲೂ ನಂದಲಾಲರ ಹುಟ್ಟುಹಬ್ಬದ ಮುಂಚಿನ ಎರಡು ದಿನ, ಡಿಸೆಂಬರ್ 1 ಮತ್ತು 2ರಂದು, ನಂದನ ಮೇಳ ನಡೆಯುತ್ತದೆ. ವಿದ್ಯಾರ್ಥಿಗಳು ಮಾಡಿದ ವಸ್ತುಗಳನ್ನು ಮಾರಿ ಬಂದ ಹಣ ಕಷ್ಟದಲ್ಲಿರುವ ವಿದ್ಯಾರ್ಥಿಗಳ ಸಹಾಯನಿಧಿಗೆ ಹೋಗುತ್ತದೆ.

ಹೊಗಳಿಕೆಯಷ್ಟನ್ನೇ ಹೇಳಿ ಇಳಿದುಬಿಟ್ಟರೆ ವಿದ್ಯಾರ್ಥಿಗಳಿಗೆ ಮೋಸವಾಗುತ್ತದೆ. ಹರಿಪುರದ ಹಳ್ಳಿಯಲ್ಲಿ ಜಮೀನ್ದಾರನಿಲ್ಲ, ಸಾಲದ ಪತ್ರವಿಲ್ಲ, ಕೇರಿ ಊರು ಎಂಬ ಗಡಿಯಿಲ್ಲ. ಎಲ್ಲರೂ ಅವರವರ ಕಸುಬಿನಲ್ಲಿ ನೆಮ್ಮದಿಯಾಗಿದ್ದಾರೆ. ಕಸುಬನ್ನು ಜಾತಿಯೇ ನಿಗದಿ ಮಾಡುವ ದೇಶದಲ್ಲಿ ಆ ನೆಮ್ಮದಿಯನ್ನು ಅನುಮಾನದಿಂದ ನೋಡಲೇಬೇಕು. ಕಸುಬಿನ ಘನತೆಯನ್ನು ಬರೆದವರು ಕಸುಬಿನಿಂದ ಬಿಡುಗಡೆ ಬಯಸುವವರನ್ನು ಬರೆಯಲಿಲ್ಲ. ಐದೇ ವರ್ಷದಲ್ಲಿ, 1943ರಲ್ಲಿ, ಬಂಗಾಳಕ್ಕೆ ಕ್ಷಾಮ ಬಂತು. ಆಗ ನಂದಲಾಲರು ಬರೆದದ್ದು ‘ಅನ್ನಪೂರ್ಣಾ’: ದೇವಿಯ ಮುಂದೆ ಎಲುಬಿನ ಗೂಡಾದ ಶಿವ. ಅದೇ ಹೊತ್ತಿನಲ್ಲಿ ಚಿತ್ತಪ್ರಸಾದ್ ಎಂಬ ತರುಣ ಮಿಡ್ನಾಪುರದ ಹಳ್ಳಿಗಳಲ್ಲಿ ನಡೆದಾಡಿ, ಹಸಿದವರ ಮುಂದೆಯೇ ಕೂತು ಮಸಿಯಲ್ಲಿ ಬರೆದ. ಆ ಚಿತ್ರಗಳ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ನಂದಲಾಲರ ಚಿತ್ರವನ್ನು ಯಾರೂ ಸುಡಲಿಲ್ಲ. ಸುಡುವಷ್ಟು ಅದು ಯಾರನ್ನೂ ಚುಚ್ಚಲಿಲ್ಲ ಎಂದರೆ ಕಟುವಾದೀತು, ಸುಳ್ಳಂತೂ ಆಗುವುದಿಲ್ಲ. ಆದರೆ ಅವರ ಶಿಷ್ಯ ರಾಮಕಿಂಕರ್ ಬೈಜ್, ಹರಿಪುರದ ವರ್ಷವೇ, ಕೂಲಿ ಅರಸಿ ಹೊರಟ ಸಂತಾಲ ಸಂಸಾರವನ್ನು ಮುರಕಲ್ಲಿನ ಹರಳು ಮತ್ತು ಸಿಮೆಂಟಿನಲ್ಲಿ ಕಲಾಭವನದ ಬಯಲಲ್ಲಿ ನಿಲ್ಲಿಸಿದರು. ಮೇಷ್ಟ್ರು ತಡೆಯಲಿಲ್ಲ. ತನಗೆ ಕಾಣದ್ದನ್ನು ಶಿಷ್ಯ ಕಂಡಾಗ ದಾರಿ ಬಿಡುವುದೂ ಮೇಷ್ಟ್ರ ಕೆಲಸವೇ.

ಈ ಮಿತಿಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅವರಿಂದ ಇಂದಿನ ವಿನ್ಯಾಸಕಾರರು ಕೇಳಿ ತಿಳಿಯಬೇಕಾದದ್ದಿದೆ. ಈಗ ‘ಸಮುದಾಯದೊಂದಿಗೆ ವಿನ್ಯಾಸ’ ಎಂಬ ಯೋಜನೆಗಳು ಬಹಳ. ಕೊಳೆಗೇರಿಯ ಗೋಡೆಗೆ ಬಣ್ಣ, ನೇಕಾರರ ಜೊತೆ ಆರು ವಾರ, ಆಮೇಲೆ ಒಂದು ಚಂದದ ವಿಡಿಯೊ. ಇವುಗಳಲ್ಲಿ ಒಳ್ಳೆಯವೂ ಇವೆ. ಯಾವುದು ಒಳ್ಳೆಯದು ಎಂದು ಹೇಗೆ ತಿಳಿಯುವುದು? ಚಿತ್ರದಲ್ಲಿ ಬಡವರ ಮುಖ ಇದೆಯೇ ಎಂದು ನಾನು ನೋಡುವುದಿಲ್ಲ. ಸಾಮಾನನ್ನು ಎಲ್ಲಿಂದ ಕೊಂಡರು, ಕೂಲಿ ಯಾರಿಗೆ ಹೋಯಿತು, ವಿನ್ಯಾಸಕಾರ ಹೊರಟುಹೋದ ಮೇಲೆ ಅದನ್ನು ಊರಿನವರೇ ಮತ್ತೆ ಮಾಡಬಲ್ಲರೇ, ಅವರ ಹೆಸರು ಎಲ್ಲಾದರೂ ಇದೆಯೇ ಎಂದು ಕೇಳುತ್ತೇನೆ. ನಂದಲಾಲರನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿದರೆ ಕೊನೆಯದರಲ್ಲಿ ಮಾತ್ರ ಅವರು ಅರ್ಧ ಅಂಕ ಕಳೆದುಕೊಳ್ಳುತ್ತಾರೆ. ಹರಿಪುರದಲ್ಲಿ ಪ್ರತಿ ತೆಗೆದ ಎಷ್ಟೋ ಕೈಗಳ ಹೆಸರು ನಮಗೆ ಉಳಿದಿಲ್ಲ.

ಕೊನೆಗೊಂದು ಬೇಡಿಕೆ, ಈ ಸಭೆಯಲ್ಲಿರುವ ಸಾಹಿತ್ಯ ಪರಿಷತ್ತಿನವರಿಗೆ, ಜಿಲ್ಲಾ ಉತ್ಸವದ ಸಮಿತಿಯವರಿಗೆ, ಜಾತ್ರಾ ಸಮಿತಿಯವರಿಗೆ. ನಮ್ಮಲ್ಲಿ ವರ್ಷವಿಡೀ ಸಮ್ಮೇಳನ, ಉತ್ಸವಗಳು ನಡೆಯುತ್ತವೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ. ಆದರೂ ನಮ್ಮ ಮಹಾದ್ವಾರಗಳು ಫ್ಲೆಕ್ಸಿನವೇ. ಕುವೆಂಪು, ಬೇಂದ್ರೆಯವರ ಮುಖಗಳು ಗಾಳಿಗೆ ಹರಿದು ಮೂರನೆಯ ದಿನ ಚರಂಡಿ ಸೇರುತ್ತವೆ. ಮುಂದಿನ ಸಮ್ಮೇಳನದಲ್ಲಿ ಎಲ್ಲ ದ್ವಾರಗಳೂ ಬೇಡ, ಒಂದೇ ಒಂದು ದ್ವಾರವನ್ನು ಆ ಜಿಲ್ಲೆಯ ಕಲಾಶಾಲೆಯ ವಿದ್ಯಾರ್ಥಿಗಳಿಗೂ ಅಲ್ಲಿನ ಮೇದರು, ಬಡಗಿಗಳು, ಚಿತ್ತಾರ ಬರೆಯುವ ಹೆಂಗಸರಿಗೂ ಸೇರಿಸಿ ಕೊಡಿ. ಪೆಂಡಾಲ್ ಗುತ್ತಿಗೆದಾರನಿಗೆ ಆ ದ್ವಾರಕ್ಕೆ ಕೊಡುವ ಹಣವನ್ನೇ ಇವರಿಗೆ ಕೊಡಿ, ಒಂದು ರೂಪಾಯಿ ಹೆಚ್ಚು ಬೇಡ. ಎರಡು ತಿಂಗಳು ಮೊದಲೇ ಹೇಳಿ. ಕೆಲಸ ಮಾಡಿದ ಎಲ್ಲರ ಹೆಸರನ್ನೂ ಸಮ್ಮೇಳನದ ಆಹ್ವಾನ ಪತ್ರಿಕೆಯಲ್ಲಿ, ಸ್ವಾಗತ ಸಮಿತಿಯ ಪಟ್ಟಿಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.